ಚಕ್ರದ ಮೇಲಿನ ಮನೆಯೂ ಕಡಲ ದಂಡೆಯ ಮರಳೂ

ಅಡುಗೆಮನೆ, ಮಲಗುವ ಕೋಣೆ, ಶೌಚಾಲಯ ಎಲ್ಲವನ್ನೂ ಹೊಟ್ಟೆಯಲ್ಲಿ ಹೊತ್ತು ಸಾಗುವ ಕ್ಯಾರವಾನ್ ಎಂಬ ವಾಹನ ನಮ್ಮ ಕರಾವಳಿಗೂ ಕಾಲಿಟ್ಟಿದೆ. ಗೆಳೆಯರ ಗುಂಪೊಂದು ಇದನ್ನು ಬಾಡಿಗೆಗೆ ಹಿಡಿದು ವಾರಗಟ್ಟಲೆ ಒಂದು ತೀರದಿಂದ ಇನ್ನೊಂದು ತೀರಕ್ಕೆ ಅಲೆಯುವ ಪದ್ಧತಿ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಹಳೆಯದು, ನಮ್ಮಲ್ಲಿ ಹೊಸದು. ನೆರೆಯ ಕೇರಳ ಸರ್ಕಾರ 2021ರಲ್ಲಿ ಇದಕ್ಕಾಗಿಯೇ ಯೋಜನೆಯೊಂದನ್ನು ಪ್ರಕಟಿಸಿತು. ಘಟ್ಟದ ಮೇಲಿನವರಾದ ನಮಗೆ ಇದರ ಗೊಡವೆ ಏಕೆಂದು ಓದುಗರು ಕೇಳಬಹುದು. ನಮ್ಮ ತೋಟಗಳ ಅಂಚಿನ ಹಳ್ಳಗಳು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಾಗಿ ಕೊನೆಗೆ ಸೇರುವುದು ಆ ತೀರವನ್ನೇ. ಅಲ್ಲದೆ, ಇಂದು ಅಲ್ಲಿ ನಿಂತಿರುವ ವಾಹನ ನಾಳೆ ನಮ್ಮೂರಿನ ಜಲಪಾತದ ಬುಡದಲ್ಲಿ ನಿಲ್ಲಲಾರದೆಂದು ಹೇಳುವವರು ಯಾರು?

ಕಳೆದ ಜನವರಿಯಲ್ಲಿ ನಾವು ಐವರು ಗೆಳೆಯರು ಇಂಥ ವಾಹನವೊಂದರಲ್ಲಿ ಗೋಕರ್ಣದಿಂದ ಮರವಂತೆಯವರೆಗೆ ಏಳು ದಿನ ಸಂಚರಿಸಿದೆವು. ಸುಖವಿರಲಿಲ್ಲವೆಂದರೆ ಸುಳ್ಳಾದೀತು. ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಸಮುದ್ರ, ನಡುವೆ ಹೆದ್ದಾರಿ ಇರುವ ಮರವಂತೆಯಲ್ಲಿ ಬೆಳಗಿನ ಚಹಾ ಕುಡಿದವರು ಅದನ್ನು ಬೇಗ ಮರೆಯಲಾರರು. ಆದರೆ ಆ ಸುಖದ ಲೆಕ್ಕವನ್ನು ಬರೆದಿಡಬೇಕೆಂದು ನನಗೆ ತೋರಿದ್ದು ಮೂರನೆಯ ದಿನ, ವಾಹನದ ಅಡಿಯಲ್ಲಿದ್ದ ತೊಟ್ಟಿ ತುಂಬಿದಾಗ.

ಇಂಥ ವಾಹನದಲ್ಲಿ ಸಾಮಾನ್ಯವಾಗಿ ಮೂರು ತೊಟ್ಟಿಗಳಿರುತ್ತವೆ. ಒಂದು ಶುದ್ಧ ನೀರಿಗೆ, ಒಂದು ಸ್ನಾನ ಮತ್ತು ಪಾತ್ರೆ ತೊಳೆದ ನೀರಿಗೆ, ಮತ್ತೊಂದು ಶೌಚಕ್ಕೆ. ಮೊದಲನೆಯದನ್ನು ತುಂಬಲು ಎಲ್ಲರೂ ಸಿದ್ಧರು. ಉಳಿದೆರಡನ್ನು ಬರಿದು ಮಾಡುವುದೆಲ್ಲಿ? ಈ ಪದ್ಧತಿ ಬೇರೂರಿರುವ ದೇಶಗಳಲ್ಲಿ ಬಿಡಾರದ ತಾಣಗಳಲ್ಲಿ ಕೊಳೆನೀರನ್ನು ಚರಂಡಿ ಜಾಲಕ್ಕೋ ಗುಂಡಿಗೋ ಸೇರಿಸುವ ನಿಗದಿತ ಜಾಗಗಳಿವೆ. ಕಂಡಲ್ಲಿ ಸುರಿದವರಿಗೆ ದಂಡವಿದೆ. ನಮ್ಮ ದಾರಿಯಲ್ಲಿ ಅಂಥ ಒಂದು ಜಾಗವೂ ನಮಗೆ ಸಿಗಲಿಲ್ಲ. ಬಾಡಿಗೆಗೆ ಕೊಟ್ಟವರನ್ನು ದೂರವಾಣಿಯಲ್ಲಿ ವಿಚಾರಿಸಿದರೆ, “ರಾತ್ರಿ ಎಲ್ಲಾದರೂ ಹಳ್ಳದ ಹತ್ತಿರ ಬಿಟ್ಟುಬಿಡಿ ಸಾರ್, ಎಲ್ಲರೂ ಹಾಗೇ ಮಾಡೋದು” ಎಂಬ ಉತ್ತರ ಬಂತು. ನಾವು ಪಟ್ಟಣದಿಂದ ಶೌಚಗುಂಡಿ ಖಾಲಿ ಮಾಡುವ ಲಾರಿಯನ್ನು ಕರೆಸಿ ಹಣ ತೆತ್ತೆವು. ಅರ್ಧ ದಿನ ಹೋಯಿತು. ಎಷ್ಟು ಪ್ರವಾಸಿಗಳು ಅರ್ಧ ದಿನ ಕಳೆದುಕೊಳ್ಳಲು ಒಪ್ಪುತ್ತಾರೆ?

ಆ ‘ಹಳ್ಳದ ಹತ್ತಿರ’ ಎಂಬ ಮಾತಿನ ಅರ್ಥವನ್ನು ಅಘನಾಶಿನಿಯ ಅಳಿವೆಯಲ್ಲಿ ನಿಂತು ನೋಡಬೇಕು. ಅಣೆಕಟ್ಟಿಲ್ಲದೆ ಹರಿದುಬರುವ ಈ ನದಿಯ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಆರಿಸುವ ಹೆಂಗಸರ ಮನೆಯ ಒಲೆ ಉರಿಯುವುದು ಆ ಕೆಸರಿನಿಂದ. ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತವೂ ಅದೇ ನೀರಿನದು. ಬಳಚು ನೀರನ್ನು ಸೋಸಿ ಆಹಾರ ಪಡೆಯುವ ಜೀವಿ. ನೀರಿನಲ್ಲಿರುವ ರೋಗಾಣುಗಳು ಅದರ ಮೈಯಲ್ಲಿ ಶೇಖರವಾಗುತ್ತವೆ. ಹೀಗೆ ಒಬ್ಬರ ವಾರದ ವಿಹಾರದ ಕೊಳೆ ಇನ್ನೊಬ್ಬರ ಊಟದ ತಟ್ಟೆಗೆ ಬರುತ್ತದೆ. ಶೌಚದ ತೊಟ್ಟಿಗೆ ಸುರಿಯುವ ಕೆಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಕೂಡ ಇರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೊಳೆಯನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳನ್ನೇ ಅದು ಕೊಲ್ಲುತ್ತದೆ.

ಇನ್ನು ಬೆಳಕಿನ ಮಾತು. ಚಳಿಗಾಲ ಪ್ರವಾಸಿಗಳ ಕಾಲವೆಂದು ನಾವು ತಿಳಿದಿದ್ದೇವೆ. ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ತೀರಕ್ಕೆ ಬಂದು ಮೊಟ್ಟೆಯಿಡುವುದೂ ಅದೇ ಕಾಲದಲ್ಲಿ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳು. ಮರಿಗಳು ಹೊರಬರಲು ಸುಮಾರು ಎರಡು ತಿಂಗಳು ಬೇಕು. ರಾತ್ರಿ ಮರಳಿನಿಂದೆದ್ದ ಮರಿ ಎಲ್ಲಕ್ಕಿಂತ ಬೆಳಕಾಗಿರುವ ದಿಕ್ಕನ್ನು ಸಮುದ್ರವೆಂದು ನಂಬಿ ಹೊರಡುತ್ತದೆ. ದಂಡೆಯಲ್ಲಿ ವಾಹನದ ದೀಪ ಉರಿಯುತ್ತಿದ್ದರೆ ಅದು ಹೊರಡುವುದು ಚಕ್ರದ ಕಡೆಗೆ, ನಾಯಿಯ ಬಾಯಿಗೆ. ಭಾರದ ಗಾಡಿಯನ್ನು ಮರಳಿನ ಮೇಲೆ ಓಡಿಸಿದರೆ ಗೂಡು ಅಪ್ಪಚ್ಚಿಯಾಗುತ್ತದೆ, ಮರಳನ್ನು ಹಿಡಿದಿಟ್ಟಿರುವ ಅಡಂಬು ಬಳ್ಳಿ ಹರಿಯುತ್ತದೆ. ಈ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಯ ಸಾಲಿನಲ್ಲಿ. ಹುಲಿಯ ಗುಹೆಯ ಬಾಯಲ್ಲಿ ಬಿಡಾರ ಹೂಡಲು ಯಾರೂ ಅನುಮತಿ ಕೇಳುವುದಿಲ್ಲ!

ಹಾಗೆಂದು ಕ್ಯಾರವಾನನ್ನೇ ನಿಷೇಧಿಸಿರೆಂದು ನಾನು ಹೇಳಲಾರೆ. ದಂಡೆಯ ಮೇಲೆ ಸಿಮೆಂಟಿನ ರೆಸಾರ್ಟು ಎದ್ದರೆ ಅದು ಮುಂದಿನ ಪೀಳಿಗೆಗೂ ಅಲ್ಲಿಯೇ ನಿಂತಿರುತ್ತದೆ. ಅದರ ಬೇಲಿ ಮೀನುಗಾರರು ಬಲೆ ಎಳೆಯುವ, ಮೀನು ಒಣಗಿಸುವ ಜಾಗವನ್ನು ನುಂಗುತ್ತದೆ. ಗಾಡಿಯಾದರೋ ಹೊರಟುಹೋಗುತ್ತದೆ. ಈ ಒಂದು ಗುಣಕ್ಕಾಗಿ ಅದು ರೆಸಾರ್ಟಿಗಿಂತ ಮೇಲೆಂದು ನನ್ನ ಅಭಿಪ್ರಾಯ. ಆದರೆ ಅಕ್ಕಿ, ಬೇಳೆ, ತರಕಾರಿಯನ್ನೆಲ್ಲ ಬೆಂಗಳೂರಿನಿಂದಲೇ ತುಂಬಿಕೊಂಡು ಬರುವ ಪ್ರವಾಸಿ ಊರಿನ ಅಂಗಡಿಯಲ್ಲಿ ಕೊಳ್ಳುವುದು ಬೆಂಕಿಪೊಟ್ಟಣ ಮಾತ್ರ. ಊರಿಗೆ ಉಳಿಯುವುದು ಕಸ.

ಆದುದರಿಂದ ವ್ಯವಸ್ಥೆ ಮೊದಲು, ವಾಹನ ಆಮೇಲೆ. ಗಾಡಿಗಳು ದಂಡೆಯಿಂದ ಹಿಂದೆ, ಊರಿನ ಒಳಗೆ, ಗ್ರಾಮ ಪಂಚಾಯತಿ ಗುರುತಿಸಿದ ಮೈದಾನದಲ್ಲಿ ನಿಲ್ಲಲಿ. ಕಡಲಿಗೆ ಜನ ನಡೆದು ಹೋಗಲಿ. ಅಲ್ಲಿ ಕೊಳೆನೀರಿನ ಗುಂಡಿ ಇರಲಿ, ಅದರ ಶುಲ್ಕ ಪಂಚಾಯತಿಗೆ ಸೇರಲಿ. ತೊಟ್ಟಿ ಖಾಲಿ ಮಾಡಿದ ರಸೀದಿ ಇಲ್ಲದೆ ಬಾಡಿಗೆಯವರು ಗಾಡಿಯನ್ನು ಮರಳಿ ಪಡೆಯಬಾರದೆಂಬ ನಿಯಮ ಬರಲಿ. ಸಂಸ್ಕರಿಸದ ಕೊಳೆಯನ್ನು ಕರಾವಳಿ ವಲಯದಲ್ಲಿ ಬಿಡುವುದನ್ನು ನಿಯಂತ್ರಣ ಅಧಿಸೂಚನೆ ಹಿಂದೆಯೇ ನಿಷೇಧಿಸಿದೆ. ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. ಆಮೆಯ ಕಾಲದಲ್ಲಿ ಕತ್ತಲಾದ ಮೇಲೆ ತೀರದಲ್ಲಿ ದೀಪವೂ ಬೆಂಕಿಯೂ ಬೇಡ.

ಘಟ್ಟದ ಮೇಲಿನ ಪಂಚಾಯತಿಗಳೂ ಇದನ್ನು ಈಗಲೇ ಗ್ರಾಮಸಭೆಯಲ್ಲಿ ಚರ್ಚಿಸಿ ಠರಾವು ಬರೆಯುವುದು ಒಳ್ಳೆಯದು. ದೇವಿಮನೆ ಘಟ್ಟದ ತಿರುವುಗಳು ದೊಡ್ಡ ಗಾಡಿಗಳನ್ನು ತಡೆದಾವೆಂದು ಕೆಲವರು ಸಮಾಧಾನಪಡುತ್ತಿದ್ದಾರೆ. ರಸ್ತೆ ಅಗಲವಾಗುವವರೆಗೆ ಮಾತ್ರ ಆ ಸಮಾಧಾನ.