ತಿಂಗಳ ಮಾತ್ರೆ ಯಾರ ಕೈಗೆ?

ಮಂಡ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ



ನಮ್ಮ ಕಡೆ ಒಂದೇ ಮಾತ್ರೆಗೆ ಮೂರು ಹೆಸರು. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುವವರಿಗೆ ಅದು ನರದ ಮಾತ್ರೆ, ಅರೆತಲೆನೋವಿನವರಿಗೆ ತಲೆನೋವಿನ ಮಾತ್ರೆ, ರಾತ್ರಿಯಿಡೀ ಹೊರಳಾಡುವವರಿಗೆ ನಿದ್ದೆ ಮಾತ್ರೆ. ವೈದ್ಯರ ಚೀಟಿಯಲ್ಲಿ ಅದರ ಹೆಸರು ಅಮಿಟ್ರಿಪ್ಟಿಲಿನ್. ಅದು ಖಿನ್ನತೆಗೆಂದು ಹುಟ್ಟಿದ ಔಷಧಿ. ರಾಸಾಯನಿಕ ರಚನೆಯಲ್ಲಿ ಮೂರು ಬಳೆಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಇದರ ಗುಂಪನ್ನು ಟ್ರೈಸೈಕ್ಲಿಕ್ ಎನ್ನುತ್ತಾರೆ. ಈ ಗುಂಪಿನ ಮೊದಲ ಮದ್ದು ಇಮಿಪ್ರಮಿನ್ ಖಿನ್ನತೆಯನ್ನು ತಗ್ಗಿಸುತ್ತದೆಂದು ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕೂನ್ 1957ರಲ್ಲಿ ವರದಿ ಮಾಡಿದರು. ಅಮಿಟ್ರಿಪ್ಟಿಲಿನ್ ಬಂದದ್ದು 1961ರಲ್ಲಿ. ಅರವತ್ತು ವರ್ಷ ದಾಟಿದರೂ ಅದು ನಮ್ಮ ದೇಶದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಉಳಿದಿದೆ. ಬೆಲೆ ಕಡಿಮೆ, ಕೆಲಸ ಚೆನ್ನಾಗಿ ಮಾಡುತ್ತದೆ, ಅಭ್ಯಾಸವಾಗಿ ಅಂಟಿಕೊಳ್ಳುವ ಮದ್ದೂ ಅಲ್ಲ. ಹಾಗಾಗಿ ಈ ಪತ್ರವನ್ನು ಮದ್ದಿನ ಮೇಲಿನ ದೂರೆಂದು ಓದಬಾರದೆಂದು ವಿನಂತಿ. ನನ್ನ ತಕರಾರು ಒಂದೇ: ಎಷ್ಟು ಮಾತ್ರೆ, ಯಾರ ಕೈಗೆ, ಯಾವ ಮಾತು ಹೇಳಿ ಕೊಡಲಾಗುತ್ತಿದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆ ಲೆಕ್ಕವನ್ನು ಸರಿಪಡಿಸುವ ಅಧಿಕಾರದ ಬಹುಪಾಲು ತಮ್ಮ ಮೇಜಿನ ಮೇಲೇ ಇದೆ.

ಗುಣ ಮಾಡುವ ಪ್ರಮಾಣಕ್ಕೂ ಅಪಾಯ ತರುವ ಪ್ರಮಾಣಕ್ಕೂ ನಡುವಿನ ಅಂತರ ಈ ಗುಂಪಿನ ಮದ್ದುಗಳಲ್ಲಿ ಬಹಳ ಕಿರಿದು. ಹೃದಯ ಬಡಿಯಲು ಬೇಕಾದ ವಿದ್ಯುತ್ತಿನ ಅಲೆ ಸ್ನಾಯುವಿನಲ್ಲಿ ಹರಿಯುವುದು ಸೋಡಿಯಂ ದ್ವಾರಗಳ ಮೂಲಕ. ಮಿತಿ ಮೀರಿ ಒಳಹೋದ ಟ್ರೈಸೈಕ್ಲಿಕ್ ಆ ದ್ವಾರಗಳಿಗೇ ಅಡ್ಡ ಕೂರುತ್ತದೆ. ಬಡಿತದ ಲಯ ತಪ್ಪುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಜೊತೆಗೆ ಸೆಳವು ಬರಬಹುದು. ಮೋಸವಿರುವುದು ಮೊದಲ ಗಂಟೆಯಲ್ಲಿ. ಆಗ ಮನುಷ್ಯ ಮಾತಾಡುತ್ತಿರುತ್ತಾನೆ, ಸ್ವಲ್ಪ ಮಂಪರು ಅಷ್ಟೆ, ‘ಮಲಗಿ ಎದ್ದರೆ ಸರಿಹೋಗುತ್ತೆ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಇಂಥ ಪ್ರಕರಣಗಳಲ್ಲಿ ಸ್ಥಿತಿ ಕೆಡುವುದು ಸಾಮಾನ್ಯವಾಗಿ ಮೊದಲ ಆರು ಗಂಟೆಯೊಳಗೆ, ಅದೂ ಹಠಾತ್ತನೆ. ರೋಗಲಕ್ಷಣ ಏನೂ ಕಾಣದಿದ್ದರೂ ಆಸ್ಪತ್ರೆಯಲ್ಲಿ ಕನಿಷ್ಠ ಆರು ಗಂಟೆ ಹೃದಯದ ಮೇಲೆ ಕಣ್ಣಿಟ್ಟಿರಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು ಇದಕ್ಕೇ.

ಮಂಡ್ಯ ಜಿಲ್ಲೆಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಕಬ್ಬು, ಭತ್ತ, ರೇಷ್ಮೆಯ ಈ ಸೀಮೆಯಲ್ಲಿ ವಿಷಪ್ರಾಶನವೆಂದರೆ ಆಸ್ಪತ್ರೆಯವರಿಗಾಗಲಿ ಊರವರಿಗಾಗಲಿ ಮೊದಲು ನೆನಪಾಗುವುದು ಬೆಳೆಗೆ ಹೊಡೆಯುವ ಔಷಧಿ. ಆರ್ಗನೋಫಾಸ್ಫೇಟ್ ಕೀಟನಾಶಕ ಒಳಹೋದವರ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಡಿತ ನಿಧಾನವಾಗಬಹುದು. ಅದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಕೊಡುತ್ತಾರೆ. ಟ್ರೈಸೈಕ್ಲಿಕ್ ಮಾಡುವುದು ನೇರ ತದ್ವಿರುದ್ಧ. ಬಾಯಿ ಒಣಗುತ್ತದೆ, ಪಾಪೆ ಅಗಲವಾಗುತ್ತದೆ, ಬಡಿತ ಓಡುತ್ತದೆ, ಮಾತು ತೊದಲುತ್ತದೆ. ದತ್ತೂರಿ ಬೀಜ ತಿಂದವರನ್ನು ನೋಡಿದವರಿಗೆ ಈ ಚಿತ್ರ ಪರಿಚಿತ. ಅಟ್ರೋಪಿನ್ ಇಲ್ಲಿ ಉರಿಯುವ ಬೆಂಕಿಗೆ ತುಪ್ಪ. ಮನೆಯ ಪ್ರಥಮ ಚಿಕಿತ್ಸೆಯೂ ಹಾಗೇ ತಿರುಗುಬಾಣವಾಗುತ್ತದೆ. ಉಪ್ಪುನೀರು, ಹುಣಸೆಹುಳಿ ಕುಡಿಸಿ ವಾಂತಿ ಮಾಡಿಸಲು ಹೋದರೆ, ಮಂಪರಿನಲ್ಲಿರುವ, ಯಾವ ಗಳಿಗೆಯಲ್ಲಾದರೂ ಸೆಳವು ಬರಬಹುದಾದ ಮನುಷ್ಯನ ಶ್ವಾಸಕೋಶಕ್ಕೆ ಆ ನೀರು ಇಳಿಯಬಹುದು. ಏನೂ ಕುಡಿಸದೆ, ಎಡಮಗ್ಗುಲಿಗೆ ಮಲಗಿಸಿ, ಮಾತ್ರೆಯ ಖಾಲಿ ಶೀಟುಗಳನ್ನೂ ಚೀಟಿಯನ್ನೂ ಜೊತೆಗಿಟ್ಟುಕೊಂಡು 108ಕ್ಕೆ ಫೋನ್ ಮಾಡಬೇಕೆಂಬ ಇಷ್ಟು ಸಣ್ಣ ಮಾತನ್ನು ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಮುಟ್ಟಿಸಬಲ್ಲರು. ಮೊದಲು ಅವರಿಗೆ ಯಾರಾದರೂ ಹೇಳಿಕೊಡಬೇಕು.

ಅಪಾಯ ಎಷ್ಟರಮಟ್ಟಿನದು ಎಂಬುದಕ್ಕೆ ಬ್ರಿಟನ್ನಿನ ಲೆಕ್ಕ ಸಿಗುತ್ತದೆ. ಅಲ್ಲಿ ಬರೆದ ಚೀಟಿಗಳ ಸಂಖ್ಯೆಯನ್ನೂ ಅತಿಪ್ರಮಾಣದಿಂದಾದ ಸಾವುಗಳನ್ನೂ ತಾಳೆ ಹಾಕಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ಹತ್ತು ಲಕ್ಷ ಚೀಟಿಗೆ ಟ್ರೈಸೈಕ್ಲಿಕ್‌ನಿಂದಾದ ಸಾವು ಫ್ಲುಯೊಕ್ಸೆಟಿನ್ ಗುಂಪಿನ ಹೊಸ ಮದ್ದುಗಳಿಂದಾದ ಸಾವಿನ ಹತ್ತು ಪಟ್ಟಿಗೂ ಮೀರಿತ್ತು. ತೀರಾ ಕಷ್ಟದಲ್ಲಿದ್ದವರಿಗೇ ಹಳೆಯ ಮದ್ದು ಬರೆದಿರಬಹುದು, ಅಂಕಿ ಅದಕ್ಕೇ ಉಬ್ಬಿರಬಹುದು ಎಂದು ವಾದಿಸಬಹುದು. ಆದರೆ ಸೋಡಿಯಂ ದ್ವಾರಕ್ಕೆ ಅಡ್ಡ ಕೂರುವ ಗುಣ ಯಾರು ನುಂಗಿದರೂ ಒಂದೇ. ಇಷ್ಟು ದೊಡ್ಡ ಅಂತರವನ್ನು ರೋಗಿಗಳ ಆಯ್ಕೆಯೊಂದರಿಂದಲೇ ವಿವರಿಸಲಾಗದು. ಇದೇ ಗುಂಪಿನ ಡೋಸುಲೆಪಿನ್ ಅನ್ನು ಹೊಸದಾಗಿ ಯಾರಿಗೂ ಶುರುಮಾಡಬೇಡಿ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಹೇಳಿದೆ. ನಮ್ಮಲ್ಲಿ ಅದು ಡೋಥಿಯೆಪಿನ್ ಎಂಬ ಹಳೆಯ ಹೆಸರಲ್ಲಿ ಈಗಲೂ ಮಾರಾಟದಲ್ಲಿದೆ.

ನಮ್ಮ ಕಾನೂನಿನ ಕಣ್ಣು ಮಾತ್ರ ಬೇರೆ ಕಡೆ ನೆಟ್ಟಿದೆ. 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಶೆಡ್ಯೂಲ್ ಎಚ್1ರ ಪ್ರಕಾರ ಆಲ್‌ಪ್ರಜೋಲಾಮ್, ಡಯಾಜೆಪಾಮ್‌ನಂಥ ಮಾತ್ರೆ ಮಾರುವ ಅಂಗಡಿಯವರು ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಅಮಿಟ್ರಿಪ್ಟಿಲಿನ್‌ಗೆ ಅದಿಲ್ಲ, ಅದಕ್ಕೆ ಚೀಟಿ ಇದ್ದರೆ ಸಾಕೆನ್ನುವ ಮಾಮೂಲಿ ಶೆಡ್ಯೂಲ್ ಎಚ್. ಡಯಾಜೆಪಾಮ್ ಚಟ ಹಿಡಿಸುತ್ತದೆ ನಿಜ, ಆದರೆ ಹೆಂಡವಾಗಲಿ ಬೇರೆ ಮದ್ದಾಗಲಿ ಕೂಡದೆ ಅದೊಂದೇ ಅತಿಯಾಗಿ ಒಳಹೋದಾಗ ಜೀವಕ್ಕೆ ಎರವಾಗುವ ಸಂಭವ ಟ್ರೈಸೈಕ್ಲಿಕ್‌ಗೆ ಹೋಲಿಸಿದರೆ ಬಹಳ ಕಡಿಮೆ. ಅಂದರೆ ಚಟವನ್ನು ಕಾಯುವ ಕಾವಲುಗಾರ ಇದ್ದಾನೆ, ಸಾವನ್ನು ಕಾಯುವವನಿಲ್ಲ. ಶೆಡ್ಯೂಲ್ ತಿದ್ದುವುದು ಕೇಂದ್ರ ಸರ್ಕಾರದ ಕೆಲಸ, ಮೆಡಿಕಲ್ ಅಂಗಡಿಗಳ ತಪಾಸಣೆ ಔಷಧ ನಿಯಂತ್ರಣ ಇಲಾಖೆಯದು, ಇದು ಗೊತ್ತಿದೆ. ಆದರೆ ಸರ್ಕಾರಿ ಆಸ್ಪತ್ರೆಯ ಔಷಧ ವಿತರಣಾ ಕಿಟಕಿಯಲ್ಲಿ ಒಂದು ಸಲಕ್ಕೆ ಎಷ್ಟು ಕೊಡಬೇಕೆಂಬುದಕ್ಕೆ ಶೆಡ್ಯೂಲಿನ ಅಪ್ಪಣೆ ಬೇಕಿಲ್ಲ, ತಮ್ಮದೊಂದು ಸುತ್ತೋಲೆ ಸಾಕು.

ಆ ಸುತ್ತೋಲೆಯಲ್ಲಿ ಇರಬೇಕಾದದ್ದನ್ನು ಹೇಳುತ್ತೇನೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಶಿಬಿರಕ್ಕೆ ಬರುವವರಲ್ಲಿ, ಹಿಂದೆ ಜೀವಕ್ಕೆ ಕೈಹಾಕಿಕೊಂಡವರಿಗೆ ಅಥವಾ ಆ ಯೋಚನೆ ಬರುತ್ತಿದೆ ಎನ್ನುವವರಿಗೆ ಮೊದಲ ಆಯ್ಕೆಯಾಗಿ ಫ್ಲುಯೊಕ್ಸೆಟಿನ್, ಎಸ್ಸಿಟಾಲೋಪ್ರಾಮ್‌ನಂಥ ಮದ್ದುಗಳಿರಲಿ. ಅವೂ ಅಗ್ಗ, ಅವೂ ಅತ್ಯಗತ್ಯ ಪಟ್ಟಿಯಲ್ಲಿವೆ. ಟ್ರೈಸೈಕ್ಲಿಕ್ಕೇ ಬೇಕೆಂದು ವೈದ್ಯರು ತೀರ್ಮಾನಿಸಿದರೆ ಮೊದಲ ತಿಂಗಳುಗಳಲ್ಲಿ ವಾರಕ್ಕಾಗುವಷ್ಟೇ ಮಾತ್ರೆ, ಅದೂ ಮನೆಯಲ್ಲಿ ನಂಬಿಕಸ್ಥರಾದ ಒಬ್ಬರ ಕೈಗೆ. ಮೊದಲ ತಿಂಗಳುಗಳು ಎಂದು ಒತ್ತಿ ಹೇಳಲು ಕಾರಣವಿದೆ. ಮನಸ್ಸಿನ ಮೇಲೆ ಮದ್ದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ಬಾಯಿ ಒಣಗುವುದು, ಮಲಬದ್ಧತೆ, ತೂಕಡಿಕೆ ಮಾತ್ರ ಮೊದಲ ದಿನವೇ ಹಾಜರು. ‘ಈ ಮಾತ್ರೆ ನನಗೆ ಆಗಿಬರಲಿಲ್ಲ’ ಎಂದು ರೋಗಿ ನಾಲ್ಕನೇ ದಿನ ಬಿಡುತ್ತಾನೆ. ತಿಂಗಳಿಗೆಂದು ಕೊಟ್ಟದ್ದು ದೇವರ ಗೂಡಿನ ಪಕ್ಕದ ಡಬ್ಬದಲ್ಲೋ ಟಿವಿಯ ಮೇಲೋ ಉಳಿಯುತ್ತದೆ. ಕಾಯಿಲೆ ಹಾಗೇ ಇದೆ, ಮದ್ದು ನಿಂತಿದೆ, ಶೀಟುಗಳು ತುಂಬಿವೆ. ಮನೆಯೊಂದರಲ್ಲಿ ಇದಕ್ಕಿಂತ ಕೆಟ್ಟ ಜೋಡಣೆ ಯಾವುದಿದೆ? ಬಿಟ್ಟ ಮಾತ್ರೆಯನ್ನು ಆಸ್ಪತ್ರೆಗೆ ಹಿಂದಿರುಗಿಸಿ ಎಂದು ಹೇಳುವವರೂ ಇಲ್ಲ, ಹಿಂದೆ ಪಡೆಯುವ ಡಬ್ಬವೂ ಇಲ್ಲ.

ಬೇಕೆಂದು ನುಂಗುವವರಷ್ಟೇ ಅಲ್ಲ, ತಿಳಿಯದೆ ನುಂಗುವವರೂ ಇದ್ದಾರೆ. ಬಣ್ಣದ, ಪೆಪ್ಪರಮೆಂಟಿನಂತೆ ನುಣುಪಾದ ಮಾತ್ರೆ ತೊಟ್ಟಿಲು ಬಿಟ್ಟಿಳಿದ ಮಗುವಿನ ಕೈಗೆ ಸಿಕ್ಕರೆ ಒಂದೆರಡು ಸಾಕು ಅಪಾಯಕ್ಕೆ. ರಾತ್ರಿ ನುಂಗಿದ್ದನ್ನು ಮರೆತು ಮತ್ತೆ ನುಂಗುವ ವಯಸ್ಸಾದವರಿದ್ದಾರೆ. ಅವರಿಗೆ ಮೂತ್ರ ಕಟ್ಟುವುದು, ಗಲಿಬಿಲಿ, ಬಿದ್ದು ಸೊಂಟ ಮುರಿದುಕೊಳ್ಳುವುದು ಮಾಮೂಲಿ ಪ್ರಮಾಣದಲ್ಲೂ ಆಗಬಹುದು. ಅಂಗಾಲು ಉರಿಗೆಂದು ಬರೆಯುವ ಪ್ರಮಾಣ ಚಿಕ್ಕದು, ಆ ರೋಗಿಗಳಿಗೆ ಇಷ್ಟೆಲ್ಲ ಬಿಗಿ ಬೇಡ. ಆದರೆ ಬೀಗವಿರುವ ಪೆಟ್ಟಿಗೆ ಅವರ ಮನೆಗೂ ಬೇಕು. ಈಗ ಮಾತ್ರೆ ಹಾಕಿಕೊಡುವ ಕವರಿನ ಮೇಲೆ ಇರುವುದು 0-0-1 ಎಂಬ ಗೀಟು ಮಾತ್ರ. ಅದೇ ಕವರಿನ ಮೇಲೆ ಕನ್ನಡದಲ್ಲಿ ನಾಲ್ಕು ಸಾಲಿನ ಮುದ್ರೆ ಒತ್ತಿಸಬಹುದು: ಹೇಳಿದ್ದಕ್ಕಿಂತ ಒಂದೂ ಹೆಚ್ಚು ಬೇಡ, ಹೆಂಡದ ಜೊತೆ ಬೇಡ, ಮಕ್ಕಳಿಗೆ ಸಿಗದಂತೆ ಬೀಗದಲ್ಲಿಡಿ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಅದರ ಕೆಳಗೆ ಎರಡು ನಂಬರು, 108 ಮತ್ತು 14416. ಎರಡನೆಯದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಅದರ ಕೇಂದ್ರಸ್ಥಾನ ನಮ್ಮ ನಿಮ್ಹಾನ್ಸ್, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ವಾರಕ್ಕೊಮ್ಮೆ ಮಾತ್ರೆ ಎಂದರೆ ವಾರಕ್ಕೊಂದು ದಿನದ ಕೂಲಿ ಹೋಯಿತಲ್ಲ ಎಂದು ಯಾರಾದರೂ ಕೇಳಿದರೆ, ಅದು ನ್ಯಾಯವಾದ ಆಕ್ಷೇಪ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ಆದರೆ ಹೋದ ಕೂಲಿ ಹೋದದ್ದೇ. ನಮ್ಮ ಆತಗೂರಿನವರು ಇದಕ್ಕಾಗಿ ವಾರವಾರ ತಾಲ್ಲೂಕು ಕೇಂದ್ರ ಮದ್ದೂರಿಗೆ ಓಡಾಡಬೇಕೆಂದರೆ ಮೂರನೇ ವಾರಕ್ಕೆ ಚಿಕಿತ್ಸೆಯನ್ನೇ ಬಿಡುತ್ತಾರೆ, ಆಗ ನನ್ನ ಸಲಹೆಯೇ ಕಾಯಿಲೆಗಿಂತ ಕೇಡಾಗುತ್ತದೆ. ಆದ್ದರಿಂದ ಚೀಟಿ ಮದ್ದೂರಿನಲ್ಲಿ, ಮಾತ್ರೆ ಊರಿನ ಹತ್ತಿರ. ವೈದ್ಯರು ತಿಂಗಳಿಗೊಮ್ಮೆ ನೋಡಲಿ. ನಾಲ್ಕು ಕವರುಗಳಾಗಿ ಕಟ್ಟಿದ ಮದ್ದನ್ನು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿ ವಾರಕ್ಕೊಂದರಂತೆ ಕೊಡಲಿ. ಕೊಡುವಾಗ ‘ಹೇಗಿದ್ದೀರಿ, ನಿದ್ದೆ ಬಂತಾ?’ ಎಂದು ಕೇಳುವ ಒಂದು ನಿಮಿಷವೂ ಚಿಕಿತ್ಸೆಯೇ. ಕ್ಷಯದ ಮಾತ್ರೆಯನ್ನು ಇದೇ ಇಲಾಖೆ ವರ್ಷಗಟ್ಟಲೆ ಕಣ್ಣೆದುರೇ ನುಂಗಿಸಿತು. ಇದು ಅದಕ್ಕಿಂತ ಕಷ್ಟದ ಕೆಲಸವಲ್ಲ.

ಇನ್ನೊಂದು ಮಾತು ಹೆಚ್ಚು ಕೇಳಿಬರುತ್ತದೆ, ನನ್ನ ಮಟ್ಟಿಗೆ ಹೆಚ್ಚು ಅಪಾಯದ್ದು: ಸಾಯಬೇಕೆಂದವರು ಇದಿಲ್ಲದಿದ್ದರೆ ಇನ್ನೊಂದನ್ನು ಹುಡುಕಿಕೊಳ್ಳುತ್ತಾರೆ. ಪುರಾವೆ ಇದನ್ನು ಒಪ್ಪುವುದಿಲ್ಲ. ನಮ್ಮಂತೆಯೇ ಭತ್ತದ ನಾಡಾದ ಶ್ರೀಲಂಕಾ 1990ರ ದಶಕದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಹಂತಹಂತವಾಗಿ ನಿಲ್ಲಿಸಿತು. 1995ರಿಂದ ಹತ್ತೇ ವರ್ಷದಲ್ಲಿ ಅಲ್ಲಿನ ಆತ್ಮಹತ್ಯೆಯ ದರ ಅರ್ಧಕ್ಕಿಳಿಯಿತು. ವಿಷ ಕುಡಿದು ಆಸ್ಪತ್ರೆ ಸೇರಿದವರ ಸಂಖ್ಯೆಯೇನೂ ಇಳಿಯಲಿಲ್ಲ, ಬದುಕಿ ಮನೆಗೆ ಹೋದವರ ಸಂಖ್ಯೆ ಏರಿತು. ಬ್ರಿಟನ್ 1998ರಲ್ಲಿ ಪ್ಯಾರಾಸಿಟಮಾಲ್ ಪೊಟ್ಟಣದ ಮಾತ್ರೆಗಳನ್ನು ಕಡಿಮೆ ಮಾಡಿತು, ಅಷ್ಟೆ. ಮುಂದಿನ ಹನ್ನೊಂದು ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಮಾತ್ರೆಯಿಂದಾಗುತ್ತಿದ್ದ ಸಾವು ಶೇ. 40ಕ್ಕಿಂತ ಹೆಚ್ಚು ಇಳಿಯಿತು. ಸಾಯಬೇಕೆನ್ನಿಸುವ ಗಳಿಗೆ ಬಹಳ ಜನರಿಗೆ ಗಳಿಗೆಯೇ, ಬಂದು ಹೋಗುತ್ತದೆ. ಕೈಗೆ ಏನು ಸಿಕ್ಕಿತು ಎಂಬುದರ ಮೇಲೆ ಉಳಿಯುವುದು ನಿಂತಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಮಾತ್ರೆಗಿಂತ ಕೀಟನಾಶಕದ ಸಮಸ್ಯೆ ಎಷ್ಟೋ ಪಾಲು ದೊಡ್ಡದೆಂದು ಒಪ್ಪುತ್ತೇನೆ. ಆದರೆ ಕೀಟನಾಶಕವನ್ನು ಮನೆಗೆ ತರುವುದು ರೈತ. ಈ ಮಾತ್ರೆಯನ್ನು, ಅದೂ ನೊಂದವರ ಮನೆಯನ್ನೇ ಹುಡುಕಿ, ನಾವೇ ಕಳಿಸುತ್ತೇವೆ.

ಇನ್ನು ಆಸ್ಪತ್ರೆಯ ಸಿದ್ಧತೆ. ಟ್ರೈಸೈಕ್ಲಿಕ್ ವಿಷಕ್ಕೆ ಮುಖ್ಯ ಚಿಕಿತ್ಸೆ ರಕ್ತನಾಳದ ಮೂಲಕ ಕೊಡುವ ಸೋಡಿಯಂ ಬೈಕಾರ್ಬನೇಟ್. ದುಬಾರಿಯಲ್ಲ, ಹೊಸದಲ್ಲ. ಯಾರಿಗೆ ಬೇಕೆಂದು ತೋರಿಸುವುದು ಇಸಿಜಿ: ಕ್ಯುಆರ್‌ಎಸ್ ಅಲೆ 100 ಮಿಲಿಸೆಕೆಂಡಿಗಿಂತ ಅಗಲವಾದರೆ ಎಚ್ಚರಿಕೆಯ ಗಂಟೆ. ಹೃದಯಾಘಾತಕ್ಕೆಂದು ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ದೊಡ್ಡ ಹೃದ್ರೋಗ ಆಸ್ಪತ್ರೆಗಳ ತಜ್ಞರಿಗೆ ಜೋಡಿಸಿದೆ. ಅದೇ ದಾರಿಯಲ್ಲಿ ಮಾತ್ರೆ ನುಂಗಿದವರ ಇಸಿಜಿಯೂ ಹೋಗಬಹುದಲ್ಲವೇ? ಮದ್ದೂರು, ಮಳವಳ್ಳಿ ಆಸ್ಪತ್ರೆಗಳ ತುರ್ತು ವಿಭಾಗದ ಗೋಡೆಗೆ ಒಂದು ಪುಟದ ಸೂಚನೆ ಅಂಟಿಸಿ, ಬೈಕಾರ್ಬನೇಟ್ ದಾಸ್ತಾನನ್ನು ತಿಂಗಳಿಗೊಮ್ಮೆ ಎಣಿಸಿ, ರೋಗಿಯನ್ನು ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಕಳಿಸುವ ಮೊದಲೇ ಅಲ್ಲಿಗೆ ಫೋನ್ ಹೋಗುವಂತೆ ಮಾಡುವುದಕ್ಕೆ ಹೊಸ ಬಜೆಟ್ ಬೇಕಿಲ್ಲ.

ಆಂಬುಲೆನ್ಸಿಗಿಂತ ಮೊದಲು ತಡ ಮಾಡುವುದು ಭಯ. ಪೊಲೀಸ್ ಕೇಸಾಗುತ್ತದೆ, ಊರಲ್ಲಿ ಮಾನ ಹೋಗುತ್ತದೆ ಎಂದು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ, ಆಸ್ಪತ್ರೆಗೆ ಬಂದರೂ ‘ತಲೆಸುತ್ತು’ ಎಂದಷ್ಟೇ ಹೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಆತ್ಮಹತ್ಯೆಯ ಯತ್ನಕ್ಕೆ ಶಿಕ್ಷೆ ವಿಧಿಸುತ್ತಿದ್ದ ಹಳೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆ ದಾಖಲೆ ಬರೆದುಕೊಳ್ಳುತ್ತದೆ, ಜೀವಕ್ಕೆ ಕೈಹಾಕಿಕೊಂಡರೆಂಬ ಒಂದೇ ಕಾರಣಕ್ಕೆ ಬದುಕಿದವರನ್ನು ಜೈಲಿಗೆ ಕಳಿಸುವುದಿಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದ ಹಲಗೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ, ಮಕ್ಕಳ ಲಸಿಕೆಯ ವೇಳಾಪಟ್ಟಿಯ ಪಕ್ಕದಲ್ಲೇ, ತೂಗಲಿ.

ಸುತ್ತೋಲೆ ಬರುವವರೆಗೂ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಕಿಟಕಿಯಲ್ಲಿ ಅಮಿಟ್ರಿಪ್ಟಿಲಿನ್ ಎಷ್ಟು ಜನರಿಗೆ, ತಲಾ ಎಷ್ಟು ಶೀಟು ಹೋಯಿತು, ಅವರಲ್ಲಿ ಎಷ್ಟು ಜನ ಒಬ್ಬರೇ ಬಂದಿದ್ದರು ಎಂದು ಬರೆದಿಡಲು ಹೇಳಿ. ಆ ಹಾಳೆ ತಮ್ಮ ಮೇಜಿಗೆ ಬಂದ ದಿನ ಈ ಪತ್ರವನ್ನು ಮತ್ತೊಮ್ಮೆ ನೋಡಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಆತಗೂರು ಹೋಬಳಿಯ ಒಬ್ಬ ನಾಗರಿಕ