ಅಕ್ಷರವಾಗುವ ಸೀರೆ

ಸಾವಿರ ಸೀರೆಗಳ ಚಿತ್ರಗಳನ್ನು ಗೂಗಲ್ ಜಾಹೀರಾತು ಖಾತೆಗೆ ಒಂದೊಂದಾಗಿ ಸೇರಿಸುತ್ತ ಕುಳಿತರೆ ದಿನಗಳೇ ಬೇಕು. ಈಗ ಆ ಕೆಲಸಕ್ಕೆ ತಂತ್ರಾಂಶವಿದೆ. ಆದರೆ ಅದು ಕಳಿಸುವ ಸಂದೇಶ ಬರೀ ಅಕ್ಷರಗಳದ್ದಾದರೆ ಚಿತ್ರ ಅದರೊಳಗೆ ಕೂರುವುದೆಂತು?

ಚಿತ್ರದ 3 ಬೈಟ್‌ಗಳೆಂದರೆ 24 ಬಿಟ್‌ಗಳು. ಅವನ್ನು ಆರಾರರಂತೆ ನಾಲ್ಕು ಪಾಲು ಮಾಡಿ, ಪ್ರತಿ ಪಾಲಿಗೂ 64 ಚಿಹ್ನೆಗಳಲ್ಲಿ ಒಂದನ್ನು ಕೊಡುವುದೇ ಬೇಸ್-64 ಪದ್ಧತಿ. 3 ಲಕ್ಷ ಬೈಟ್‌ಗಳ ಸೀರೆ 4 ಲಕ್ಷ ಅಕ್ಷರಗಳಾಗಿ ಹೊರಡುತ್ತದೆ!

ಅತ್ತ ಕಡೆಯ ಗಣಕ ಅದನ್ನು ಬಿಚ್ಚಿ ಅಳೆಯುತ್ತದೆ. ಅಡ್ಡಚಿತ್ರದ ಅಗಲ ಎತ್ತರದ 1.91 ಪಟ್ಟು ಇರಬೇಕು. ಗಾತ್ರ 5 ಮೆಗಾಬೈಟ್ ಮೀರಬಾರದು. ತಪ್ಪಿದರೆ ವಾಪಸು. ಕೆಂಪು ಸೀರೆಯ ಜಾಹೀರಾತಿಗೆ ಹಸಿರು ಸೀರೆ ಬಂದು ಕೂತರೆ ಮಾತ್ರ ಅಳತೆಗೋಲು ತುಟಿಪಿಟಕ್ಕೆನ್ನುವುದಿಲ್ಲ. ಗಿರಾಕಿ ಒತ್ತುತ್ತಾನೆ, ಕೊಳ್ಳದೆ ಹೋಗುತ್ತಾನೆ. ಒಂದೊಂದು ಒತ್ತಿಗೂ ಅಂಗಡಿಯವನ ದುಡ್ಡು ಕರಗುತ್ತದೆ.