ನೆತ್ತರು ಹೀರುವವರಾರು?

ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿ, ಪುಸ್ತಕ ಚಲಚ್ಚಿತ್ರಗಳ ಮೂಲಕ ಈ ದೇಶದ ಮನೆಮನೆಯನ್ನೂ ಹೊಕ್ಕಿರುವ ಕಥೆಯೊಂದುಂಟು. ಸಣ್ಣದೊಂದು ಹಳ್ಳಿ, ಅಲ್ಲಿ ಎಲ್ಲರಂತೆ ಬಾಳುವ ಒಬ್ಬ ಸಾಧು ಗೃಹಸ್ಥ, ರಾತ್ರಿಯಾಯಿತೆಂದರೆ ಅವನೇ ನೆರೆಯವರ ಕೊರಳಿಗೆ ಬಾಯಿಟ್ಟು ನೆತ್ತರು ಹೀರುವ ಪಿಶಾಚಿ. ಕಥೆ ಪರದೇಶದ್ದೆಂದು ಸುಮ್ಮನಿರಬಹುದಾಗಿತ್ತು. ಆದರೆ ಈಗ ಕೆಲವರು ಆ ಪಿಶಾಚಿಯನ್ನು ದರ್ಬೆಯಿಂದ ಘಟ್ಟದ ಬುಡದವರೆಗಿನ ಊರುಗಳಲ್ಲಿಯೂ ತಂದು ನಿಲ್ಲಿಸುತ್ತಿದ್ದಾರೆ. "ಇದು ಹೊಸತೇನು? ಬೇತಾಳನು ಇಲ್ಲಿಯವನೇ, ತುಳುವರ ಕುಲೆಯೂ ಅದೇ ಜಾತಿಯದು, ಬಾವಲಿಯೇ ಅದಕ್ಕೆ ಸಾಕ್ಷಿ. ಅಲ್ಲದೆ ಕಥೆಯೆಂದರೆ ವಿನೋದ, ಅದರಿಂದ ಯಾರಿಗೇನು ನಷ್ಟ?" ಎಂಬುದು ಅವರ ಪೂರ್ವಪಕ್ಷ. ಇದರ ನಾಲ್ಕು ಅಂಗಗಳನ್ನೂ ಕ್ರಮವಾಗಿ ಪರೀಕ್ಷಿಸತಕ್ಕದ್ದು.

ಮೊದಲನೆಯದು ಬೇತಾಳನ ವಿಷಯ. ಸೋಮದೇವನ ಕಥಾಸರಿತ್ಸಾಗರವನ್ನು ಬಲ್ಲವರಿಗೆ ಬೇತಾಳನ ಸ್ವಭಾವವು ವಿದಿತವೇ ಇದೆ. ಸ್ಮಶಾನದ ಶಿಂಶಪಾವೃಕ್ಷದಲ್ಲಿ ತೂಗುವ ಶವವನ್ನು ಅವನು ಆವೇಶಿಸಿರುವನು, ರಾಜನ ಹೆಗಲೇರಿ ಕಥೆ ಹೇಳುವನು, ಧರ್ಮಸೂಕ್ಷ್ಮದ ಪ್ರಶ್ನೆಗಳನ್ನೊಡ್ಡುವನು, ಕಟ್ಟಕಡೆಗೆ ಕಪಟಭಿಕ್ಷುವಿನಿಂದ ಆ ರಾಜನ ಪ್ರಾಣವನ್ನು ಉಳಿಸುವನು. ಇಂಥವನು ಪರರ ಕೊರಳನ್ನು ಕಚ್ಚುವ ಕಳ್ಳನಾದದ್ದು ಎಂದು? 1870ರಲ್ಲಿ ರಿಚರ್ಡ್ ಬರ್ಟನ್ನನೆಂಬ ಆಂಗ್ಲನು ಈ ಕಥೆಗಳನ್ನು ತನ್ನ ನುಡಿಗೆ ತಿರುಗಿಸುವಾಗ, ಬೇತಾಳನಿಗೆ ಸರಿಯಾದ ಹೆಸರು ಸಿಕ್ಕದೆ, ಗ್ರಂಥದ ಶಿರೋನಾಮದಲ್ಲಿಯೇ ಅವನನ್ನು 'ವ್ಯಾಂಪೈರ್' ಎಂದು ಕರೆದನು. ಅನುವಾದಕನೊಬ್ಬನ ಪದದಾರಿದ್ರ್ಯವು ಬೇತಾಳನಿಗೆ ಕೋರೆಹಲ್ಲಾಯಿತು. ಇಂದು ಆ ಅನುವಾದವನ್ನೇ ಪ್ರಮಾಣವೆಂದು ಹಿಡಿದು ಮೂಲವನ್ನು ಅಳೆಯುವವರು, ನೆರಳನ್ನು ನೋಡಿ ಮರದ ಎತ್ತರವನ್ನು ತಿದ್ದುವವರಂತೆ ನಗೆಗೀಡಾಗುತ್ತಾರೆ.

ರಕ್ತಪಾನವು ಇಲ್ಲಿಯ ಪುರಾಣಗಳಿಗೆ ಅಪರಿಚಿತವಲ್ಲವೆಂದು ಅವರು ಆಕ್ಷೇಪಿಸಬಹುದು. ನಿಜ. ರಕ್ತಬೀಜನ ನೆತ್ತರನ್ನು ಕಾಳಿಯು ಕುಡಿದಳು. ದುಶ್ಶಾಸನನ ನೆತ್ತರನ್ನು ಭೀಮನು ಕುಡಿದನು. ಆದರೆ ಒಂದು ಅಸುರವಧೆಗಾಗಿ, ಇನ್ನೊಂದು ಸಭೆಯಲ್ಲಿ ಮಾಡಿದ ಪ್ರತಿಜ್ಞೆಗಾಗಿ. ಎರಡೂ ಹಾಡಹಗಲ ರಣರಂಗದಲ್ಲಿ ನಡೆದವು. ಪಿಶಾಚರನ್ನಂತೂ ಅಮರಸಿಂಹನು ಯಕ್ಷ ಗಂಧರ್ವರ ಸಾಲಿನಲ್ಲಿ ದೇವಯೋನಿಗಳೆಂದೇ ಎಣಿಸಿದ್ದಾನೆ. ಅವರು ಸತ್ತ ಮನುಷ್ಯರಲ್ಲ. ಸತ್ತು ಸದ್ಗತಿ ದೊರೆಯದವನು ಪ್ರೇತ. ಆ ಪ್ರೇತವು ಬೇಡುವುದು ಪಿಂಡವನ್ನೂ ತಿಲೋದಕವನ್ನೂ; ನೆರೆಯವನ ನೆತ್ತರನ್ನಲ್ಲ.

ಇನ್ನು ಕುಲೆಯ ವಿಷಯ. ತುಳುನಾಡಿನ ಕುಟುಂಬಗಳಲ್ಲಿ ಆಟಿ ತಿಂಗಳು ಬಂದಾಗ ತೀರಿಹೋದವರಿಗೆ ಎಲೆ ಹಾಕಿ ಬಡಿಸುತ್ತಾರೆ. ಅವರಿಗೆ ಪ್ರಿಯವಾಗಿದ್ದ ಪದಾರ್ಥಗಳನ್ನೇ ಅಟ್ಟು ಇಡುತ್ತಾರೆ. ಬಾಗಿಲನ್ನು ಓರೆಮಾಡಿ, ಉಂಡರೆಂದು ತಿಳಿದ ಬಳಿಕ ಮನೆಯವರು ಉಣ್ಣುತ್ತಾರೆ. ಚಿಕ್ಕಂದಿನಲ್ಲಿ ಸತ್ತ ಮಕ್ಕಳಿಗೆ, ಬದುಕಿದ್ದರೆ ಆಗಬೇಕಾಗಿದ್ದ ವಯಸ್ಸಿನಲ್ಲಿ ಸಂಬಂಧ ನೋಡಿ, ಪ್ರೇತಮದುವೆಯನ್ನೂ ಮಾಡುತ್ತಾರೆ. 2024ರ ಮೇ ತಿಂಗಳಲ್ಲಿ ಪುತ್ತೂರಿನ ಕಡೆಯ ಒಂದು ಕುಟುಂಬವು, ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ ಅಷ್ಟೇ ಕಾಲದ ಹಿಂದೆ ತೀರಿಕೊಂಡ ವರನು ಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿತು. ಅದನ್ನು ಕಂಡು ದೂರದೂರದ ಪತ್ರಿಕೆಗಳು ಬೆರಗಾದವು; ಕೆಲವರು ನಕ್ಕರು; ಕೆಲವರು ಭೂತದ ಊರೆಂದು ಬಣ್ಣ ಕಟ್ಟಿದರು. ಈ ಆಚಾರವನ್ನು ನಂಬುವುದೂ ಬಿಡುವುದೂ ಅವರವರ ವಿವೇಕಕ್ಕೆ ಸೇರಿದ್ದು. ಆದರೆ ಅದರ ಭಾವವನ್ನು ತಿಳಿಯದೆ ನಗುವುದು ಶಿಷ್ಟರ ಲಕ್ಷಣವಲ್ಲ. ಮೂವತ್ತು ವರ್ಷವಾದರೂ ಆ ಮಗುವಿನ ವಯಸ್ಸನ್ನು ಎಣಿಸುತ್ತ ಬಂದ ಮನೆಯದು. ಅಲ್ಲಿ ಸತ್ತವರು ಹಸಿದ ಬಂಧುಗಳು, ಬೇಟೆಯಾಡುವ ಶತ್ರುಗಳಲ್ಲ. ದೈವಗಳಿಗೆ ಕೋಳಿಯನ್ನೊಪ್ಪಿಸುವುದುಂಟಲ್ಲ ಎಂದರೆ, ಊರೆಲ್ಲ ಕೂಡಿ ಕೊಟ್ಟದ್ದನ್ನು ಕೊಳ್ಳುವುದು ಬೇರೆ, ಕತ್ತಲೆಯಲ್ಲಿ ಕದ್ದು ಹೀರುವುದು ಬೇರೆ.

ಹಾಗಾದರೆ ಆ ರಕ್ತಪಿಶಾಚಿಯ ತೌರುಮನೆ ಯಾವುದು? ಸರ್ಬಿಯಾದೇಶದ ಮೆದ್ವೆಜಾ ಎಂಬ ಹಳ್ಳಿಯನ್ನು ನೋಡತಕ್ಕದ್ದು. 1731ರ ಕೊನೆಯಲ್ಲಿ ಅಲ್ಲಿ ಮೂರು ತಿಂಗಳೊಳಗೆ ಹದಿನೇಳು ಮಂದಿ ಸತ್ತರು. ಕೆಲವರು ಎರಡು ಮೂರು ದಿನಗಳ ಜಾಡ್ಯದಲ್ಲಿಯೇ ಹೋದರು. ಹಳ್ಳಿಯವರು ರೋಗವನ್ನು ಹುಡುಕಲಿಲ್ಲ. ಸುಮಾರು ಐದು ವರ್ಷ ಮುಂಚೆ ಹುಲ್ಲಿನ ಗಾಡಿಯಿಂದ ಬಿದ್ದು ಸತ್ತ ಅರ್ನೋಲ್ಡ್ ಪಾವೊಲೆ ಎಂಬವನ ಮೇಲೆ ತಪ್ಪನ್ನು ಹೊರಿಸಿದರು. 1732ರ ಜನವರಿಯಲ್ಲಿ ಆಸ್ಟ್ರಿಯದ ಸೈನ್ಯವೈದ್ಯ ಫ್ಲ್ಯೂಕಿಂಗರನ ಎದುರಿನಲ್ಲಿ ಗೋರಿಗಳನ್ನು ಅಗೆದರು. ಚಳಿಗಾಲದ ನೆಲದಲ್ಲಿ ಶವಗಳು ಬೇಗನೆ ಕೊಳೆಯುವುದಿಲ್ಲ. ಒಳಗಿನ ವಾಯುವಿನಿಂದ ಉಬ್ಬಿ ಬಾಯಿಯಲ್ಲಿ ಕೆಂಪುದ್ರವ ಒಸರುತ್ತದೆ. ಹಳೆಯ ಚರ್ಮ ಕಳಚಿ ಅಡಿಯದು ಹೊಸದರಂತೆ ಕಾಣುತ್ತದೆ. ಇದನ್ನರಿಯದವರು ಅವು ನೆತ್ತರು ಕುಡಿದು ಕೊಬ್ಬಿವೆಯೆಂದು ತೀರ್ಮಾನಿಸಿ, ತಲೆ ಕಡಿದು, ಸುಟ್ಟು, ಬೂದಿಯನ್ನು ಮೊರಾವಾ ನದಿಗೆ ಚೆಲ್ಲಿದರು. ಆ ವೈದ್ಯನ ವರದಿಯೇ ಅಚ್ಚಾಗಿ ಯೂರೋಪನ್ನೆಲ್ಲ ಸುತ್ತಿತು. ಕಥೆ ಕವನಗಳು ಹುಟ್ಟಿದವು. ಕಡೆಗೆ 1755ರಲ್ಲಿ ಮಹಾರಾಣಿ ಮಾರಿಯಾ ಥೆರೇಸಳು ತನ್ನ ಆಸ್ಥಾನವೈದ್ಯನಾದ ವಾನ್ ಸ್ವೀಟನ್ನನಿಂದ ವಿಚಾರಣೆ ಮಾಡಿಸಿ, ಇದೆಲ್ಲ ಅಜ್ಞಾನವೆಂದು ತಿಳಿದು, ಹೆಣ ಅಗೆದು ಸುಡುವುದನ್ನು ಶಾಸನದಿಂದ ತಡೆದಳು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ಮೇಲೆ ಕಾಯಿದೆಯಾದದ್ದು 2017ರಲ್ಲಿ. ಹುಟ್ಟಿದ ಮನೆಯವರೇ ಇನ್ನೂರರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಹೊರಹಾಕಿದ ಪೀಡೆಯನ್ನು ಇಲ್ಲಿಯವರು ಮಣೆ ಹಾಕಿ ಕೂರಿಸಬೇಕೆ?

ಮೂರನೆಯ ಸಾಕ್ಷಿಯಾದ ಬಾವಲಿಯ ಮೇಲಿನ ಅಪವಾದವು ಇನ್ನೂ ಅನ್ಯಾಯದ್ದು. ನೆತ್ತರನ್ನೇ ಆಹಾರ ಮಾಡಿಕೊಂಡ ಬಾವಲಿಗಳು ಪ್ರಪಂಚದಲ್ಲಿ ಮೂರೇ ಜಾತಿ. ಮೂರೂ ಅಮೆರಿಕಾ ಖಂಡಗಳವು. ಭಾರತದಲ್ಲಿ ಒಂದೂ ಇಲ್ಲ. ಅವುಗಳಿಗೂ ಪಿಶಾಚಿಯ ಹೆಸರು ಬಂದದ್ದು ಯೂರೋಪಿನ ಕಟ್ಟುಕಥೆಯಿಂದ. ಬಾವಲಿಯಿಂದ ಕಥೆ ಹುಟ್ಟಿದ್ದಲ್ಲ. ವಿಲ್ಕಿನ್‌ಸನ್ ಎಂಬ ವಿಜ್ಞಾನಿ 1984ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಆಹಾರ ಸಿಕ್ಕದೆ ಹಸಿದು ಬಂದ ಜೊತೆಯದಕ್ಕೆ ಆ ಬಾವಲಿಗಳು ತಾವು ಕುಡಿದುದನ್ನು ಕಕ್ಕಿ ಉಣಿಸುತ್ತವೆ. ಈ ಗುಣವು ಎಷ್ಟು ಮಂದಿ ಮನುಷ್ಯರಲ್ಲಿದೆ? ಪುತ್ತೂರು ಸುಳ್ಯಗಳ ತೋಟದ ಬಾವಲಿಯಂತೂ ಅಡಿಕೆಯ ಹಣ್ಣನ್ನು ಚೀಪಿ ಬೀಳಿಸುವಂಥದು, ಇಲ್ಲವೇ ಹುಳಹುಪ್ಪಟೆಗಳನ್ನು ತಿಂದು ತೋಟಿಗನಿಗೆ ಕೂಲಿಯಿಲ್ಲದೆ ದುಡಿಯುವಂಥದು. 2018ರಲ್ಲಿ ಕೇರಳದ ಪೇರಾಂಬ್ರದಲ್ಲಿ ನಿಪಾ ಜ್ವರ ಕಾಣಿಸಿದಾಗ ಮೊದಲು ಬಾವಿಯೊಂದರ ಬಾವಲಿಗಳ ಮೇಲೆ ಸಂಶಯ ಬಂತು. ಅವು ಕೀಟಾಹಾರಿಗಳು, ರೋಗಾಣುವಿಲ್ಲದವು ಎಂದು ಪರೀಕ್ಷೆಯಲ್ಲಿ ಕಂಡಿತು. ಹಣ್ಣು ತಿನ್ನುವ ಬಾವಲಿಗಳಲ್ಲಿ ಆ ರೋಗಾಣುವುಂಟೆಂಬುದು ನಿಜ. ಆದಕಾರಣ ಅವು ಕಚ್ಚಿದ ಹಣ್ಣನ್ನು ತಿನ್ನಬಾರದು. ಎಚ್ಚರಿಕೆ ಇಷ್ಟು ಸಾಕು, ದ್ವೇಷ ಬೇಡ.

ಉಳಿದದ್ದು ವಿನೋದದ ವಾದ. ಸುಳ್ಳಿನ ಭಯದಿಂದ ಆಗುವ ದೊಡ್ಡ ನಷ್ಟವೆಂದರೆ ನಿಜದ ಭಯಕ್ಕೆ ಜಾಗವಿಲ್ಲದಂತಾಗುವುದು. ಸಣ್ಣ ಹಳ್ಳಿಯಲ್ಲಿ ಅಡಗಿದ್ದು, ಯಾರಿಗೂ ಕಾಣದೆ, ನೋವು ತಿಳಿಯದಂತೆ ನೆತ್ತರು ಹೀರುವ ಜೀವಿ ನಿಜವಾಗಿಯೂ ಉಂಟು. ಅದರ ಹೆಸರು ಉಣುಗು. ಮೊಟ್ಟೆಯಿಂದ ಹೊರಬಂದ ಮರಿ, ನಡುಹರೆಯದ ಎಳೆಯುಣುಗು, ಬಲಿತ ಉಣುಗು, ಈ ಮೂರು ಅವಸ್ಥೆಗಳಲ್ಲಿಯೂ ಅದಕ್ಕೆ ಒಂದೊಂದು ಸಲ ನೆತ್ತರು ಬೇಕು. ಎಳ್ಳಿನ ಕಾಳಿಗಿಂತಲೂ ಸಣ್ಣದಾದ ಎಳೆಯುಣುಗೇ ಮನುಷ್ಯನಿಗೆ ಮಂಗನ ಕಾಯಿಲೆಯನ್ನು ತರುವಂಥದು. ಕಾಯಿಲೆ ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ; ಕೆಲವರಿಗೆ ಒಸಡು ಮೂಗುಗಳಲ್ಲಿ ನೆತ್ತರು ಒಸರುತ್ತದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತಲ ಹಳ್ಳಿಗಳ ಸ್ಥಿತಿಯು ಮೆದ್ವೆಜಾದ ಸ್ಥಿತಿಯೇ ಆಗಿತ್ತು: ಕಾರಣ ತಿಳಿಯದ ಜ್ವರ, ಕಾರಣ ತಿಳಿಯದ ಸಾವು, ಕಾಡಿನಲ್ಲಿ ಸಾಲಾಗಿ ಬೀಳುವ ಮಂಗಗಳು. ಆದರೆ ಇಲ್ಲಿ ಯಾರೂ ಗೋರಿಯನ್ನು ಅಗೆಯಲಿಲ್ಲ. ಪುಣೆಯ ವೈರಸ್ ಸಂಶೋಧನ ಕೇಂದ್ರದ ವರ್ಕ್, ಟ್ರಾಪಿಡೊ ಮೊದಲಾದವರು ಬಂದು ಸತ್ತ ಮಂಗಗಳನ್ನು ಪರೀಕ್ಷಿಸಿ, ಕಾಡಿನ ನೆಲವನ್ನು ಸೋಸಿ, ರೋಗಾಣುವನ್ನೂ ಅದನ್ನು ಹೊರುವ ಉಣುಗನ್ನೂ ಹಿಡಿದು ತೋರಿಸಿದರು. ಒಂದೇ ಬಗೆಯ ಪ್ರಶ್ನೆಗೆ ಎರಡು ಹಳ್ಳಿಗಳಲ್ಲಿ ಎರಡು ಬಗೆಯ ಉತ್ತರ. ಒಂದರಿಂದ ಬೂದಿ ಉಳಿಯಿತು, ಇನ್ನೊಂದರಿಂದ ವಿದ್ಯೆ ಉಳಿಯಿತು. 1982–83ರಲ್ಲಿ ಇದೇ ಕಾಯಿಲೆಯು ಪುತ್ತೂರಿನ ನೆರೆಯ ಬೆಳ್ತಂಗಡಿ ತಾಲೂಕಿಗೂ ಬಂತು. ನಿಡ್ಲೆಯ ಕಡೆ ಗೇರುತೋಟಕ್ಕಾಗಿ ಕಾಡನ್ನು ಕಡಿದದ್ದೇ ಅದಕ್ಕೆ ದಾರಿಯಾಯಿತು. ಅಡಗಿದ್ದ ರಕ್ತಪಾಯಿಯನ್ನು ಮನೆಯಂಗಳಕ್ಕೆ ಕರೆದದ್ದು ಮನುಷ್ಯನ ಕೊಡಲಿಯೇ.

ಇನ್ನೊಂದು ವಿಚಾರ. ಬ್ರಾಮ್ ಸ್ಟೋಕರನ ಡ್ರಾಕುಲ ಕಾದಂಬರಿ ಲಂಡನ್ನಿನಲ್ಲಿ ಪ್ರಕಟವಾದದ್ದು 1897ರಲ್ಲಿ. ಅದೇ ವರ್ಷದ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸನು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡನು. ಒಬ್ಬನು ಇಲ್ಲದ ರಕ್ತಪಾಯಿಯನ್ನು ಕಲ್ಪಿಸಿದನು. ಒಬ್ಬನು ಇರುವ ರಕ್ತಪಾಯಿಯನ್ನು ಹಿಡಿದುಕೊಟ್ಟನು. ಓದಿದ ಮನೆಗಳ ಮಕ್ಕಳನ್ನು ಕೇಳಿದರೆ ಮೊದಲನೆಯದರ ಹೆಸರು ಎಲ್ಲರಿಗೂ ಗೊತ್ತು. ಎರಡನೆಯದು ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಮಾತ್ರ ಮೀಸಲು. ವಿನೋದದಿಂದ ನಷ್ಟವಿಲ್ಲವೆನ್ನುವವರು ಇದಕ್ಕೆ ಉತ್ತರ ಹೇಳಲಿ.

ಹಗ್ಗವನ್ನು ಹಾವೆಂದು ಭ್ರಮಿಸುವ ರಜ್ಜುಸರ್ಪದ ದೃಷ್ಟಾಂತವನ್ನು ವೇದಾಂತಿಗಳು ಹೇಳುತ್ತಾರೆ. ಇಲ್ಲಿಯ ಭ್ರಾಂತಿ ಅದಕ್ಕಿಂತ ಒಂದು ಕೈ ಮೇಲು: ಹಗ್ಗವನ್ನು ಹಾವೆಂದು ಬಡಿಯುತ್ತ, ಪಕ್ಕದಲ್ಲಿರುವ ಹಾವನ್ನು ಹಗ್ಗವೆಂದು ತುಳಿಯುವುದು. ಕತೆಯ ಪಿಶಾಚಿಗೆ ನಡುಗುವ ಮನೆಯವರೇ ಹಟ್ಟಿಗೆ ಹಾಸುವ ತರಗೆಲೆಯನ್ನು ಕಾಡಿನಿಂದ ಬರಿಗಾಲಿನಲ್ಲಿ ಹೊತ್ತು ತರುತ್ತಾರೆ. ತೋಟದಲ್ಲಿ ಬಿದ್ದ ಹಾಳೆಯಲ್ಲಿ ನೀರು ನಿಂತು ಸೊಳ್ಳೆ ಮರಿಯಿಟ್ಟರೂ ಕವುಚಿ ಹಾಕುವುದಿಲ್ಲ. ಕಾಡಿನಂಚಿನಲ್ಲಿ ಮಂಗ ಸತ್ತುಬಿದ್ದರೆ ಆರೋಗ್ಯ ಇಲಾಖೆಗೆ ತಿಳಿಸುವುದಿಲ್ಲ. ಮೈಗೆ ಹಚ್ಚಿಕೊಳ್ಳಲೆಂದು ಕೊಟ್ಟ ಡೀಪಾ ತೈಲವನ್ನು ಗೂಡಿನಲ್ಲಿ ಧೂಳು ಹಿಡಿಸುತ್ತಾರೆ. ಈ ಕಾಯಿಲೆಯ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತುಹೋಯಿತು. ಆದಕಾರಣ ಈ ಸಣ್ಣ ಎಚ್ಚರಿಕೆಗಳ ಬೆಲೆ ಮುಂಚಿಗಿಂತ ಹೆಚ್ಚಿತು.

ಸಿದ್ಧಾಂತವಿಷ್ಟೆ. ಕುಲೆಗಳಿಗೆ ಆಟಿಯ ಎಲೆಯನ್ನು ಹಾಕುವವರು ಭಕ್ತಿಯಿಂದ ಹಾಕಲಿ, ಹಾಕದವರು ಮೌನದಿಂದ ಇರಲಿ. ಬೇತಾಳನು ಪ್ರಶ್ನೆ ಕೇಳುತ್ತ ಮರದಲ್ಲಿರಲಿ. ಬಾವಲಿ ತನ್ನ ಪಾಡಿಗೆ ಹಾರಲಿ. ಇವರಾರೂ ಯಾರ ನೆತ್ತರನ್ನೂ ಹೀರಿದವರಲ್ಲ. ಕಾಡಿನಿಂದ ಬಂದ ಮಕ್ಕಳ ಕೊರಳಿನಲ್ಲಿ ಹಲ್ಲಿನ ಗುರುತನ್ನು ಹುಡುಕುವ ಮುಂಚೆ, ಅವರ ಕಂಕುಳಲ್ಲಿಯೂ ಕಿವಿಯ ಹಿಂದೆಯೂ ಉಣುಗು ಕಚ್ಚಿಕೊಂಡಿದೆಯೇ ಎಂದು ದೀಪ ಹಿಡಿದು ನೋಡತಕ್ಕದ್ದು.